ನಾಳೆ ಹೋಗುವವರಿಗೆ ಎಷ್ಟು ಬಟ್ಟೆ?

ನಮ್ಮ ಬೀದಿಯ ದರ್ಜಿ ಜಿಪುಣ, ಬಾಯಿಬಡುಕ, ಹೊರಗಿನಿಂದ ಬಂದವರನ್ನು ಕಂಡರೆ ಸಿಡಿದು ಬೀಳುವ ಮನುಷ್ಯ. ಸುಮ್ಮನೆ ಹೇಳುತ್ತಿಲ್ಲ, ನಾನು ಜೀವಮಾನವಿಡೀ ಜನಸಂಖ್ಯಾಶಾಸ್ತ್ರ ಕಲಿಸಿದವಳು, ಆಧಾರವಿಲ್ಲದೆ ಬರೆಯುವವಳಲ್ಲ. ಮುಪ್ಪಾಗುತ್ತಿರುವ ದೇಶಕ್ಕೆ ಹೊರಗಿನ ಎಳೆಯ ಕೈಗಳು ಬೇಕೇ ಬೇಕು ಎಂದು ತರಗತಿಯಲ್ಲಿ ಮೇಜು ಗುದ್ದಿ ಹೇಳುತ್ತಿದ್ದೆ. ಓದಿದ ಹೆಂಗಸರು ಮಕ್ಕಳನ್ನು ಹೆರುವುದು ಕಡಿಮೆ ಎಂದೂ ಹೇಳುತ್ತಿದ್ದೆ. ಅದರ ಉದಾಹರಣೆ ಕಪ್ಪುಹಲಗೆಯ ಮುಂದೆಯೇ ನಿಂತಿರುತ್ತಿತ್ತು. ಈಗ ಮೊದಲನೆಯ ಮಾತಿಗೂ ನಾನೇ ಉದಾಹರಣೆ. ಪರದೇಶದಿಂದ ಬಂದ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಕಂಕುಳಿಗೆ ಕೈ ಕೊಟ್ಟು ಎತ್ತದಿದ್ದರೆ ಜನಸಂಖ್ಯಾಶಾಸ್ತ್ರ ಹಾಸಿಗೆಯಲ್ಲೇ ಬಿದ್ದಿರುತ್ತದೆ.

ದರ್ಜಿ ಒಂದು ಕಾಲದಲ್ಲಿ ಶಾಲೆಯ ಸಮವಸ್ತ್ರಕ್ಕೆ ಹೆಸರಾದವನು. ಮಕ್ಕಳು ಬೆಳೆಯುತ್ತಾರೆಂದು ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದ. ತಾಯಂದಿರು ವರ್ಷವರ್ಷವೂ ಒಂದಿಷ್ಟು ಬಿಚ್ಚಿ ಇಳಿಸಿಕೊಳ್ಳುತ್ತಿದ್ದರು. ಬರಬರುತ್ತ ಊರಿನಲ್ಲಿ ಮಕ್ಕಳೇ ಅಪರೂಪವಾದರು. ಮಕ್ಕಳ ಉಡುಪಿನ ಅಂಗಡಿಯಲ್ಲಿ ಈಗ ಊರುಗೋಲು, ಮೊಣಕಾಲು ಪಟ್ಟಿ ಮಾರುತ್ತಾರೆ. ದರ್ಜಿಯೂ ಮುದುಕರ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತ, ಸೊಂಟ ಹಿಡಿಸುತ್ತ ಕೂತ. "ಆಗ ಇಳಿಸೋ ಕೆಲಸ, ಈಗ ಏರಿಸೋ ಕೆಲಸ. ಊರಿಗೆ ಊರೇ ಕುಗ್ತಾ ಇದೆ" ಎನ್ನುತ್ತಿದ್ದ. ಕಟ್ಟಡದ ಕೆಲಸಕ್ಕೆ ಬಂದ ಹೊರಗಿನವರ ಬಟ್ಟೆಗಂತೂ ಒಳಗೆ ಒಂದು ಎಳೆಯಷ್ಟೂ ಬಿಡುತ್ತಿರಲಿಲ್ಲ. ನಾಳೆ ಹೋಗುವವರಿಗೆ ಯಾಕೆ ದಂಡ ಎಂಬುದು ಅವನ ವಾದ.

ನನ್ನನ್ನು ಎತ್ತುವವಳಿಗೆ ಒಬ್ಬಳು ಮಗಳು. ಸಮವಸ್ತ್ರವಿಲ್ಲದೆ ಹೂವಿನ ಫ್ರಾಕು ತೊಟ್ಟು ಶಾಲೆಗೆ ಹೋದ ಹುಡುಗಿಯನ್ನು ಅಲ್ಲಿನ ಮಕ್ಕಳು ಆಡಿಕೊಂಡರಂತೆ. ಇನ್ನು ಹೋಗುವುದಿಲ್ಲವೆಂದು ನನ್ನ ಅಡುಗೆಮನೆಯ ಮೂಲೆ ಹಿಡಿದಳು. ಮಗಳು ಇಲ್ಲಿ ಹೊಂದಿಕೊಳ್ಳದಿದ್ದರೆ ಕೆಲಸ ಬಿಟ್ಟು ದೊಡ್ಡ ಪಟ್ಟಣದಲ್ಲಿರುವ ಅಕ್ಕನ ಹತ್ತಿರ ಹೋಗುತ್ತೇನೆ ಎಂದು ತಾಯಿ ಕಡ್ಡಿ ಮುರಿದಂತೆ ಹೇಳಿದಳು. ಅವಳು ತನ್ನ ಪೆಟ್ಟಿಗೆಯನ್ನು ಬಂದಾಗಿನಿಂದ ಪೂರ್ತಿ ಬಿಚ್ಚಿಯೇ ಇರಲಿಲ್ಲ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಹತ್ವ ನನಗೆ ಅಷ್ಟು ಚೆನ್ನಾಗಿ ಹಿಂದೆಂದೂ ಮನವರಿಕೆಯಾಗಿರಲಿಲ್ಲ. ಊರುಗೋಲು ಹಿಡಿದು, ತಾಯಿಮಗಳನ್ನು ಕರೆದುಕೊಂಡು ಸಮವಸ್ತ್ರದ ಲಂಗ ಹೊಲಿಸಲು ದರ್ಜಿಯ ಅಂಗಡಿಗೆ ಹೊರಟೆ.

"ಮಕ್ಕಳ ಬಟ್ಟೆ ಬಿಟ್ಬಿಟ್ಟೆ ಮೇಡಂ," ಎಂದ ಅವನು, ಮಶೀನಿನಿಂದ ತಲೆ ಎತ್ತದೆ. "ಕೈಗೇ ಮರೆತುಹೋಗಿದೆ."

"ಕೈ ಮರೆತ್ರೆ ಬಾಯನ್ನ ಕೇಳು. ಅದೇನೂ ಮರೆತಿಲ್ವಲ್ಲ."

"ಇವ್ರು ಇವತ್ತು ಬರ್ತಾರೆ, ನಾಳೆ ಹಾರ್ತಾರೆ. ಹಾರೋ ಹಕ್ಕಿಗೆಲ್ಲ ಗೂಡು ನೇಯೋಕೆ ನಾನೇನು ಗೀಜಗನಾ?"

"ಇವಳು ಹಾರಿದ್ರೆ ಬೆಳಿಗ್ಗೆ ನನ್ನನ್ನ ಎತ್ತೋರು ಯಾರು? ನೀನು ಬರ್ತೀಯಾ?"

ಅವನು ತಲೆ ಎತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅದರಲ್ಲೂ ನಡುಭಾಗವನ್ನು ನಿಧಾನವಾಗಿ ನೋಡಿದ.

"ಬೇಡ ತಾಯಿ," ಎಂದ. "ಹೊಲ್ಕೊಡ್ತೀನಿ."

ಹುಡುಗಿಯ ಅಳತೆ ತೆಗೆದ. ಆಮೇಲೆ ಕನ್ನಡಕ ಮೇಲಕ್ಕೆ ಸರಿಸಿ ತಾಯಿಯ ಎತ್ತರವನ್ನೂ ಒಮ್ಮೆ ಕಣ್ಣಲ್ಲೇ ಅಳೆದ. ಒರಟ, ಹೆಂಗಸರನ್ನು ಹೀಗೆ ನೋಡುವುದೇ ಎಂದುಕೊಂಡೆ. ಬಳಿಕ ಇಷ್ಟು ಬಟ್ಟೆ ತನ್ನಿ ಎಂದು ಹೇಳಿದ. ಅಷ್ಟು ಬಟ್ಟೆಯಲ್ಲಿ ಆ ಗುಬ್ಬಚ್ಚಿಯಂಥ ಹುಡುಗಿಗೆ ಎರಡು ಲಂಗ ಹೊಲಿಯಬಹುದಿತ್ತು. ಯಾಕಿಷ್ಟು ಎಂದರೆ, ಹೊಲಿಯೋನು ನಾನೋ ನೀವೋ ಎಂದು ಮಶೀನು ತುಳಿಯತೊಡಗಿದ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರೆ. ದರ್ಜಿ ಅವನ ಖಾಸಾ ತಮ್ಮನಿರಬೇಕು. ಉಳಿದ ಬಟ್ಟೆ ಅವನ ದಿಂಬಿನ ಚೀಲವಾಗುತ್ತದೆಂದು ನಾನು ಉದ್ಯಾನದ ಬೆಂಚಿನಲ್ಲಿ ಕೂರುವ ಮುದುಕಿಯರಿಗೆಲ್ಲ ಸಾರಿದೆ. ಅವರು ತಲೆದೂಗಿದರು. ನನ್ನ ಉಪನ್ಯಾಸಗಳಿಗೆ ಅಂಥ ಒಮ್ಮತ ಎಂದೂ ಸಿಕ್ಕಿರಲಿಲ್ಲ.

ಹಳೆಯ ಪೇಪರಿನಲ್ಲಿ ಸುತ್ತಿದ ಲಂಗ ಬಂತು. ಹುಡುಗಿ ತೊಟ್ಟಳು, ಅಳತೆ ಸರಿಯಾಗಿತ್ತು. ಅದು ನನಗೆ ಸಾಲದು, ಕಳ್ಳತನ ಸಾಬೀತಾಗಬೇಕಿತ್ತು. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಂಚನ್ನು ಮಗುಚಿ ನೋಡಿದೆ. ಬಗ್ಗಲಾರದವರ ಸಂಶೋಧನಾ ವಿಧಾನ ಇದು. ಬಟ್ಟೆಯೆಲ್ಲ ಅಲ್ಲೇ ಇತ್ತು. ಒಳಗಡೆ ಒಂದರ ಮೇಲೊಂದು ಮಡಿಕೆ. ಪ್ರತಿಯೊಂದಕ್ಕೂ ಬೇರೆಬೇರೆಯಾಗಿ, ಒಂದೇ ಎಳೆತಕ್ಕೆ ಬಿಚ್ಚಿಬರುವಂಥ ಸಡಿಲ ಕೈಹೊಲಿಗೆ.

ತಾಯಿ ಬಂದು ಅಂಚನ್ನು ಬೆರಳಲ್ಲಿ ತಡವಿದಳು. "ಇಷ್ಟೊಂದು ಒಳಗ್ಯಾಕಮ್ಮ?"

"ನಿನ್ನಷ್ಟೆತ್ತರ ಬೆಳೀತಾಳಲ್ಲ, ಅದಕ್ಕೆ. ವರ್ಷಕ್ಕೊಂದು ಬಿಚ್ಚಬೇಕು."

"ಅಷ್ಟು ವರ್ಷ ನಾವು ಇಲ್ಲೇ ಇರ್ತೀವಾ?"

ನಾಳೆ ಯಾರೆಲ್ಲಿರುತ್ತಾರೆಂದು ನಲವತ್ತು ವರ್ಷ ಹೇಳಿ ಸಂಬಳ ತೆಗೆದುಕೊಂಡವಳು ನಾನು.

"ದರ್ಜಿ ಹಾಗಂದ್ಕೊಂಡಿದಾನೆ," ಎಂದೆ.

ಹುಡುಗಿ ಸ್ಟೂಲಿನಿಂದ ಧುಮುಕಿ ಶಾಲೆಯ ಚೀಲ ಹುಡುಕತೊಡಗಿದಳು.