ಓಡದ ಸಿನಿಮಾಕ್ಕೊಂದು ಶಿಫಾರಸು

ನಾನು ಹೇಳಿದ ಸಿನಿಮಾ ನೋಡಿದವರು ಮಾರನೆಯ ದಿನ ಬೆಳಿಗ್ಗೆ ಪಾರ್ಕಿನಲ್ಲಿ ನನ್ನನ್ನು ದೂರದಿಂದ ಕಂಡರೆ ಹಿಂದಕ್ಕೆ ತಿರುಗಿ ಎದುರು ದಿಕ್ಕಿನಲ್ಲಿ ನಡೆಯಲು ಶುರುಮಾಡುತ್ತಾರೆ. ನಮ್ಮ ಬಸವೇಶ್ವರನಗರದ ಪಾರ್ಕು ದುಂಡಗಿರುವುದರಿಂದ ಇದರಿಂದ ಅವರಿಗೇನೂ ಲಾಭವಿಲ್ಲ. ಅರ್ಧ ಸುತ್ತಿಗೆ ನಾವು ಮುಖಾಮುಖಿಯಾಗಿಯೇ ತೀರುತ್ತೇವೆ. ಆಗ ಅವರು, "ನೋಡಿದ್ವಿ ಕಣ್ರೀ, ನೀವು ಹೇಳಿದ್ದು," ಎಂದು ಹೇಳಿ, ಮುಂದೇನು ಹೇಳಬೇಕೆಂದು ತೋಚದೆ ಮಂಡಿನೋವಿನ ವಿಚಾರಕ್ಕೆ ಹೊರಳುತ್ತಾರೆ. ಹೀಗಾಗಿ ನನ್ನ ಶಿಫಾರಸುಗಳಿಂದ ನಮ್ಮ ಬಡಾವಣೆಯಲ್ಲಿ ಸಿನಿಮಾದ ತಿಳಿವಳಿಕೆ ಎಷ್ಟು ಹೆಚ್ಚಿತೋ ಗೊತ್ತಿಲ್ಲ, ಮಂಡಿಯ ತಿಳಿವಳಿಕೆ ಮಾತ್ರ ಬಹಳ ಹೆಚ್ಚಿದೆ.

ತಪ್ಪು ನನ್ನ ರುಚಿಯದು. ಎಲ್ಲರೂ ನೋಡಿ ಮುಗಿಸಿದ ಸಿನಿಮಾವನ್ನು ಚೆನ್ನಾಗಿದೆ ಎಂದು ಹೊಗಳುವುದರಲ್ಲಿ ನನಗೆ ಯಾವ ಸುಖವೂ ಇಲ್ಲ. ಕೊಡೆ ರಿಪೇರಿಯವನೊಬ್ಬ ಮಳೆಗಾಲವಿಡೀ ಒಂದು ಕೊಡೆಯ ಒಡತಿಗಾಗಿ ಕಾಯುವ ಸಿನಿಮಾ, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬಾವಿಗೆ ಬಿದ್ದ ಕೊಡಪಾನ ಎತ್ತುತ್ತ ಎತ್ತುತ್ತ ಮಾತಿಗೆ ಬೀಳುವ ಸಿನಿಮಾ, ಯಾವುದೋ ಮರಳುಗಾಡಿನ ದೇಶದಲ್ಲಿ ಮುದುಕನೊಬ್ಬ ಬಸ್ಸಿಗೆ ಕಾಯುವ ಸಿನಿಮಾ, ಇಂಥವು ನನ್ನವು. ಹೆಸರು ಕೇಳಬೇಡಿ. ನನ್ನ ತಲೆಯಲ್ಲಿ ಹೆಸರುಗಳು ನಿಲ್ಲುವುದಿಲ್ಲ. ಕೊಡೆ, ಕೊಡಪಾನ, ಬಸ್ಸು ನಿಲ್ಲುತ್ತವೆ.

ಇವನ್ನೆಲ್ಲ ನಾನು ನೋಡುವುದು ಒಗೆದ ಬಟ್ಟೆ ಮಡಿಸುವಾಗ. ಪಕ್ಕದಲ್ಲಿ ನಮ್ಮನೆಯವರು ಇರುತ್ತಾರೆ, ಅಂದರೆ ಅವರ ದೇಹ ಇರುತ್ತದೆ. ಶುರುವಿನ ಹೆಸರುಗಳು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿರುತ್ತದೆ. ನನ್ನ ಪರೀಕ್ಷೆ ಸರಳ. ಸಿನಿಮಾ ಮುಗಿಯುವಷ್ಟರಲ್ಲಿ ಬಟ್ಟೆಯೆಲ್ಲ ಮಡಿಸಿ ಆಗಿದ್ದರೆ ಅದು ಸಾಧಾರಣ ಸಿನಿಮಾ. ಯಾವುದೋ ಒಂದು ಕಡೆ ಅಂಗಿಯ ತೋಳು ಹಿಡಿದ ಕೈ ಹಾಗೇ ನಿಂತುಹೋಗಿದ್ದರೆ ಅದು ಒಳ್ಳೆಯದು. ರಾಶಿ ರಾಶಿಯಾಗಿಯೇ ಉಳಿದು, ಮಾರನೆಯ ದಿನ ನಮ್ಮನೆಯವರು ಮುದುಡಿದ ಅಂಗಿಯಲ್ಲಿ ಆಫೀಸಿಗೆ ಹೋದರೆ, ಆ ಸಿನಿಮಾವನ್ನು ನಾಲ್ಕು ಜನಕ್ಕೆ ಹೇಳಲೇಬೇಕು.

ಕನ್ನಡದಲ್ಲಿ ಅಂಗಡಿ ನಡೆಯುತ್ತದೆ, ಮದುವೆ ನಡೆಯುತ್ತದೆ, ಸಂಸಾರವೂ ಹೇಗೋ ನಡೆಯುತ್ತದೆ. ಸಿನಿಮಾ ಒಂದು ಮಾತ್ರ ಓಡಬೇಕು. ಓಡದಿದ್ದರೆ ಮಲಗಿತು ಎನ್ನುತ್ತೇವೆ. ಓಡು, ಇಲ್ಲವೇ ಮಲಗು. ನಡುವೆ ಸುಮ್ಮನೆ ತನ್ನ ಪಾಡಿಗೆ ನಡೆದುಕೊಂಡು ಹೋಗಲು ನಮ್ಮ ಭಾಷೆ ಪಾಪ ಸಿನಿಮಾಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ದಿನವೂ ಪಾರ್ಕಿನಲ್ಲಿ ನಡೆಯುವ, ಓಡಲು ಮಂಡಿ ಬಿಡದ ನನ್ನಂಥವಳಿಗೆ ಈ ಅನ್ಯಾಯ ಬೇಗ ಅರ್ಥವಾಗುತ್ತದೆ. ನಡೆಯುವವರ ಪರವಾಗಿ ಒಬ್ಬರಾದರೂ ಇರಲಿ ಎಂದು ನಾನಿದ್ದೇನೆ.

ಇಂಥ ಸಿನಿಮಾ ಹುಡುಕುವುದು ಹೇಗೆ ಎಂದು ನೀವು ಕೇಳಿದಿರಿ ಎಂದುಕೊಳ್ಳುತ್ತೇನೆ, ಯಾರೂ ಕೇಳುವುದಿಲ್ಲವಾದ್ದರಿಂದ. ಪೋಸ್ಟರಿನಲ್ಲಿ ಯಾರೂ ನಿಮ್ಮನ್ನು ದಿಟ್ಟಿಸಿ ನೋಡುತ್ತಿರಬಾರದು. ಬೆನ್ನು ಕಂಡರೆ ಒಳ್ಳೆಯದು, ಪಾತ್ರೆ ಕಂಡರೆ ಇನ್ನೂ ಒಳ್ಳೆಯದು. ಕೊನೆಯಲ್ಲಿ ಹೆಸರುಗಳು ಮೇಲೇರುವಾಗ ಎದ್ದುಹೋಗದೆ ಓದಬೇಕು. ಶೂಟಿಂಗಿಗೆ ಮನೆ ಬಿಟ್ಟುಕೊಟ್ಟವರಿಗೂ ತಿಂಡಿ ಕಳಿಸಿದ ಪಕ್ಕದ ಮನೆಯವರಿಗೂ ಕೃತಜ್ಞತೆ ಹೇಳಿದ್ದರೆ ಆ ಜನ ತೆಗೆದ ಮುಂದಿನ ಸಿನಿಮಾವನ್ನೂ ಕಣ್ಣುಮುಚ್ಚಿಕೊಂಡು ನೋಡಬಹುದು. ನಮ್ಮನೆಯವರು ಎಲ್ಲವನ್ನೂ ಹಾಗೆಯೇ ನೋಡುತ್ತಾರೆ, ಆ ಮಾತು ಬೇರೆ.

ಇಷ್ಟೆಲ್ಲ ಶಾಸ್ತ್ರ ಕಟ್ಟಿದರೂ ನನ್ನ ಮಾತಿಗೆ ಮಣಿಯದ ಒಬ್ಬಳೆಂದರೆ ವಿಮಲ. ಓದುವ ಕಾಲದಿಂದ ಸ್ನೇಹಿತೆ, ಈಗ ಬೆಂಗಳೂರಿನದೇ ಉಲ್ಲಾಳದ ಒಂದು ಶಾಲೆಯಲ್ಲಿ ಟೀಚರು. ನಾನು ಏನೇ ಹೇಳಿದರೂ ನಿಷ್ಠೆಯಿಂದ ನೋಡುತ್ತಾಳೆ, ಒಂದೇ ತೀರ್ಪು ಕೊಡುತ್ತಾಳೆ: "ಒಂದ್ಸಲ ನೋಡ್ಬಹುದು." ಈ ಮಾತಿನ ಕ್ರೌರ್ಯ ಬೆಂಗಳೂರಿನವರಿಗೆ ಮಾತ್ರ ಗೊತ್ತು. ಚೆನ್ನಾಗಿಲ್ಲ ಎಂದರೆ ಜಗಳವಾಡಬಹುದು. ಚೆನ್ನಾಗಿದೆ ಎಂದರೆ ಕಾಫಿ ಕೊಡಿಸಬಹುದು. ಒಂದ್ಸಲ ನೋಡ್ಬಹುದು ಎಂದರೆ ಏನೂ ಮಾಡಲಾಗುವುದಿಲ್ಲ. ಮರಳುಗಾಡಿನ ಮುದುಕನ ಸಿನಿಮಾಕ್ಕೆ ಮಾತ್ರ ಅವಳು ಆ ಮರ್ಯಾದೆಯನ್ನೂ ಕೊಡಲಿಲ್ಲ.

"ಕೊನೇಗಾದ್ರೂ ಬಸ್ ಬಂತೇನೆ? ನಾನು ಮಲಗಿಬಿಟ್ಟೆ," ಎಂದು ಕೇಳಿದಳು.

"ಇಲ್ಲ ಕಣೇ, ಅದೇ ಅದರ ಸೊಗಸು."

"ದಿನಾ ನಾಯಂಡಹಳ್ಳೀಲಿ ಉಲ್ಲಾಳದ ಬಸ್ಸಿಗೆ ನಿಂತು ನಿಂತು ಕಾಲು ಬಿದ್ದೋಗಿರುತ್ತೆ. ಮನೆಗೆ ಬಂದು ಬೇರೆ ದೇಶದ ಬಸ್ಸಿಗೂ ಕಾಯ್ಬೇಕಾ ನಾನು?"

ಕಳೆದ ಬೇಸಿಗೆಯಲ್ಲಿ ರಾಜಾಜಿನಗರದ ಮಾಲೊಂದರಲ್ಲಿ ಒಂದು ಕನ್ನಡ ಸಿನಿಮಾ ನೋಡಿದೆ. 'ಹಾಲುಮನೆ' ಎಂದು ಹೆಸರು. ಪೋಸ್ಟರಿನಲ್ಲಿ ಒಲೆ, ಒಲೆಯ ಮೇಲೊಂದು ಪಾತ್ರೆ. ಅಷ್ಟು ಸಾಕಾಯಿತು, ಒಬ್ಬಳೇ ಹೋದೆ. ಗಂಡಹೆಂಡತಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತುಕೊಂಡು ಹೋಗುತ್ತಲೇ ಇರುತ್ತಾರೆ. ಪ್ರತಿ ಮನೆಯಲ್ಲೂ ಮೊದಲು ಹಾಲು ಉಕ್ಕಿಸುತ್ತಾರೆ, ಮಿಕ್ಕ ದಿನವೆಲ್ಲ ಹಾಲು ಉಕ್ಕದಂತೆ ಕಾಯುತ್ತಾರೆ. ಕೊನೆಗೆ ಸ್ವಂತದ್ದೊಂದು ಪುಟ್ಟ ಮನೆ. ಗೃಹಪ್ರವೇಶದ ದಿನ ಎಲ್ಲರೂ ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದಾರೆ. ಹಾಲು ಏರುತ್ತದೆ, ಏರುತ್ತದೆ, ಇನ್ನೇನು ಉಕ್ಕಬೇಕು, ಅಷ್ಟರಲ್ಲಿ ಅವಳ ಕೈ ತಾನಾಗಿ ಬಂದು ಒಲೆ ಆರಿಸಿಬಿಡುತ್ತದೆ. ಅಷ್ಟೇ ಕಥೆ. ಅವತ್ತು ನನ್ನ ಮುಂದೆ ಮಡಿಸಲು ಬಟ್ಟೆ ಇರಲಿಲ್ಲ. ಇದ್ದಿದ್ದರೆ ಇವತ್ತಿಗೂ ರಾಶಿ ಹಾಗೇ ಇರುತ್ತಿತ್ತು. ನನ್ನ ಜೊತೆ ಥಿಯೇಟರಿನಲ್ಲಿದ್ದ ಒಂದೇ ಜೋಡಿ ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನಿಗೆ ಹೋದದ್ದು ಮರಳಿ ಬರಲಿಲ್ಲ.

ನೋಡಿದ್ದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲದಿದ್ದರೆ ಎಂಥ ಸಂಕಟ ಎಂದು ಅವತ್ತು ಗೊತ್ತಾಯಿತು. ಅದರಲ್ಲೂ ಅದನ್ನು ವಿಮಲ ನೋಡಲೇಬೇಕಿತ್ತು. ಅವಳು ಮಾರೇನಹಳ್ಳಿ, ವಿಜಯನಗರ, ಮತ್ತೆ ಮಾರೇನಹಳ್ಳಿ ಎಂದು ಮನೆಯಿಂದ ಮನೆಗೆ ಹೋಗಿ, ಈಗಷ್ಟೇ ಕೆಂಗೇರಿಯಲ್ಲಿ ಸ್ವಂತ ಫ್ಲ್ಯಾಟಿಗೆ ಸೇರಿದ್ದಳು. ಆದರೆ "ನಿನ್ನದೇ ಕಥೆ ಕಣೇ" ಎಂದು ಹೇಳಿದರೆ ಯಾರೂ ಬರುವುದಿಲ್ಲ. ತಮ್ಮ ಕಥೆ ತಮಗೆ ಗೊತ್ತಿದೆ, ಅದಕ್ಕೆ ಟಿಕೆಟ್ ಯಾಕೆ ಎನ್ನುತ್ತಾರೆ. ಬುಧವಾರ ಮಾಲಿಗೆ ಹೋಗಿ ವಿಚಾರಿಸಿದೆ. ಗುರುವಾರ ಮಧ್ಯಾಹ್ನದ್ದೇ ಕಡೆಯ ಆಟ.

"ಶುಕ್ರವಾರದಿಂದ ಬೇರೆ ಪಿಕ್ಚರ್ ಮೇಡಂ," ಎಂದಳು ಕೌಂಟರಿನ ಹುಡುಗಿ. "ನಾಳೇದೂ ಜನ ಬಂದ್ರೆ ಹಾಕ್ತೀವಿ, ಇಲ್ಲಾಂದ್ರೆ ಕ್ಯಾನ್ಸಲ್."

"ನಾನು ಬರ್ತೀನಲ್ಲಮ್ಮ."

"ಒಬ್ರು ಬಂದ್ರೆ ಅದಕ್ಕೆ ಜನ ಅನ್ನಲ್ಲ ಮೇಡಂ," ಎಂದಳು, ನನ್ನ ಮನಸ್ಸಿಗೆ ನೋವಾಗದ ಹಾಗೆ.

ಜನ ಮಾಡಲು ಹೊರಟೆ. ಫೋನಿನಲ್ಲಿ ನಮ್ಮ ವಾಕಿಂಗಿನವರದೊಂದು ಗುಂಪಿದೆ. ನಾಳೆ ಮಧ್ಯಾಹ್ನ ಹಾಲುಮನೆಗೆ ಹೋಗೋಣ, ಕೊನೆಯ ಆಟ, ಯಾರು ಬರ್ತೀರಿ ಎಂದು ಬರೆದೆ, ವಿಮಲಳಿಗೂ ಅದನ್ನೇ ಕಳಿಸಿದೆ. ಕನ್ನಡದಲ್ಲಿ ಬರೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಎಲ್ಲರಂತೆ ನಾನೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವವಳು. ಇಂಗ್ಲಿಷಿನಲ್ಲಿರುವುದು ಒಂದೇ ಎಲ್. ಅದು 'ಲ'ವೋ 'ಳ'ವೋ ಎನ್ನುವುದನ್ನು ಓದುವವರ ದೈವಕ್ಕೆ ಬಿಡಬೇಕು. ಹಿಂದೊಮ್ಮೆ ಗುಂಪಿನಲ್ಲಿ ಯಾರೋ ನುಗ್ಗೇಕಾಯಿ ಹುಳಿ ಮಾಡಿದ್ದೇನೆ ಎಂದು ಬರೆದದ್ದನ್ನು ನಾನು ಹುಲಿ ಎಂದು ಓದಿಕೊಂಡು ಸ್ವಲ್ಪ ಹೊತ್ತು ಚಿಂತೆ ಮಾಡಿದ್ದೆ. ಅದರಿಂದಲೂ ನನಗೆ ಬುದ್ಧಿ ಬಂದಿರಲಿಲ್ಲ.

ಈ ಸಲ ಆಶ್ಚರ್ಯ ಕಾದಿತ್ತು. ಎಂದೂ ಉತ್ತರ ಕೊಡದವರು ಬರ್ತೀವಿ ಬರ್ತೀವಿ ಎಂದು ಬರೆದರು. ನಮ್ಮ ಗುಂಪಿಗೆಲ್ಲ ಹಿರಿಯರಾದ ಗಿರಿಜಮ್ಮನವರು, ಮಗಳು ಸೊಸೆ ಇಬ್ಬರನ್ನೂ ಕರೆತರುತ್ತೇನೆಂದರು. ಶಾಲೆಗೆ ರಜವಿದ್ದ ವಿಮಲ, "ಕೊನೆಗೂ ಏನಾದ್ರೂ ಆಗೋ ಸಿನಿಮಾ ಹೇಳಿದೀಯ," ಎಂದು ಬರೆದಳು. ಹಾಲು ಉಕ್ಕುವುದನ್ನು ಏನಾದರೂ ಆಗುವುದು ಎಂದು ಒಪ್ಪುವಷ್ಟು ಇವಳು ಯಾವಾಗ ಬೆಳೆದಳು ಎಂದು ನನಗೆ ಕಣ್ಣು ಒದ್ದೆಯಾಯಿತು.

ಗುರುವಾರ ಟಿಕೆಟ್ ಕೊಂಡು ಎಸ್ಕಲೇಟರಿನಲ್ಲಿ ಮೇಲೆ ಹೋಗುವಾಗ ಗಿರಿಜಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

"ಅಲ್ಲಮ್ಮ, ದೆವ್ವ ಮೊದ್ಲೇ ಬರುತ್ತೋ, ಇಂಟರ್ವಲ್ ಆದ್ಮೇಲೋ?"

"ಯಾವ ದೆವ್ವ ಗಿರಿಜಮ್ಮ?"

"ಹಾಳುಮನೆ ಅಂದ್ಮೇಲೆ ದೆವ್ವ ಇಲ್ದೆ ಇರುತ್ತಾ? ನಂಗೆ ದೆವ್ವದ ಪಿಕ್ಚರೇ ಇಷ್ಟ ಕಣಮ್ಮ. ಅದ್ರಲ್ಲಿ ಮಾತ್ರ ಅತ್ತೆ ಸೊಸೆ ಇಬ್ರೂ ಒಂದೇ ಕಡೆಗೆ ಓಡೋದು."

ಹಿಂದೆ ನಿಂತಿದ್ದ ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ. ಬಾಗಿಲ ಮೇಲಿನ ಫಲಕದಲ್ಲೂ ಕೈಯಲ್ಲಿದ್ದ ಟಿಕೆಟ್ಟಿನಲ್ಲೂ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇತ್ತು. ಅಲ್ಲೂ ಅದೇ ಒಂಟಿ ಎಲ್. ನಿಜ ಹೇಳಿದರೆ ಇಡೀ ಗುಂಪು ಅಲ್ಲಿಂದಲೇ ಕೆಳಗಿಳಿದು ಐಸ್‌ಕ್ರೀಮ್ ತಿನ್ನಲು ಹೋಗುತ್ತದೆ. ನಾನೊಬ್ಬಳು ಮತ್ತೆ ಜನ ಅಲ್ಲದವಳಾಗುತ್ತೇನೆ. ಹೇಳದಿದ್ದರೆ ನಾಳೆಯಿಂದ ಪಾರ್ಕಿನಲ್ಲಿ ಯಾವ ದಿಕ್ಕಿಗೆ ನಡೆಯಲಿ?

"ಅಡುಗೆಮನೆ ಮೇಲೆ ಒಂದು ಕಣ್ಣಿಟ್ಟಿರಿ ಗಿರಿಜಮ್ಮ," ಎಂದುಬಿಟ್ಟೆ. ಸುಳ್ಳಂತೂ ಅಲ್ಲ.

ಅವರು ಇಟ್ಟರು. ಎಲ್ಲರೂ ಇಟ್ಟರು. ಸಿನಿಮಾವನ್ನು ಜನ ಹಾಗೆ ನೋಡಿದ್ದನ್ನು ನಾನು ಕಂಡೇ ಇರಲಿಲ್ಲ. ಖಾಲಿ ಮನೆಯ ಬಾಗಿಲು ತೆರೆದರೆ ಇಡೀ ಸಾಲು ಉಸಿರು ಹಿಡಿಯಿತು. ಗೋಡೆಯಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಮೊಳೆಯೊಂದನ್ನು ಕ್ಯಾಮೆರಾ ಸುಮ್ಮನೆ ನೋಡುತ್ತ ನಿಂತಾಗ, ಮೊನ್ನೆಯ ಜೋಡಿ ಆಕಳಿಸಲು ಶುರುಮಾಡಿದ್ದು ಇಲ್ಲೇ ಎಂದು ನಾನು ನಮ್ಮ ಸಾಲಿನತ್ತ ತಿರುಗಿದೆ. ನಮ್ಮವರು ಆ ಮೊಳೆಯನ್ನು ಕಣ್ಣು ಮಿಟುಕಿಸದೆ ನೋಡಿದರು. ಮೊಳೆಯ ಕೆಳಗೆ ಕ್ಯಾಲೆಂಡರ್ ತೂಗಿದ್ದ ಜಾಗ ಬಿಳಿಯ ಚೌಕವಾಗಿ ಉಳಿದಿತ್ತು. ನಾನು ಅದನ್ನು ಮೊದಲ ಸಲ ಗಮನಿಸಿಯೇ ಇರಲಿಲ್ಲ. "ಯಾರೋ ಇದ್ದು ಹೋಗಿದಾರೆ," ಎಂದು ಗಿರಿಜಮ್ಮ ಪಿಸುಗುಟ್ಟಿದರು. ಸಿನಿಮಾದವರು ಹೇಳಬೇಕೆಂದಿದ್ದದ್ದೂ ಅದನ್ನೇ.

ಇಂಟರ್ವಲ್ಲಿನಲ್ಲಿ ಯಾರೂ ಎದ್ದುಹೋಗಲಿಲ್ಲ. ದೆವ್ವ ಇನ್ನೂ ಬರಬೇಕಿತ್ತಲ್ಲ.

ಕೊನೆಗೆ ಆ ಗೃಹಪ್ರವೇಶ. ಒಲೆ, ಪಾತ್ರೆ, ಹಾಲು. ಪಕ್ಕದಲ್ಲಿ ಮಾತಿಲ್ಲ, ಹಿನ್ನೆಲೆಯಲ್ಲಿ ಸಂಗೀತವಿಲ್ಲ. ಹಾಲು ಕೆನೆ ಕಟ್ಟಿತು, ನಡುಗಿತು, ಏರತೊಡಗಿತು. ವಿಮಲ ಕುರ್ಚಿಯ ತುದಿಗೆ ಬಂದಿದ್ದಳು. ಪರದೆಯ ಅಂಚಿನಿಂದ ಒಂದು ಕೈ ಸರಕ್ಕನೆ ಒಳಗೆ ಬಂತು.

ಗಿರಿಜಮ್ಮ ಕಿರುಚಿದ ರಭಸಕ್ಕೆ ಪಾಪ್‌ಕಾರ್ನ್ ನಾಲ್ಕು ಸಾಲು ಮುಂದಕ್ಕೆ ಹಾರಿತು. ಸೊಸೆಯೂ ಕಿರುಚಿದಳು, ಅತ್ತೆಯನ್ನು ತಬ್ಬಿಕೊಂಡಳು. ಅಷ್ಟರಲ್ಲಿ ಕೈ ಒಲೆ ಆರಿಸಿತ್ತು. ಹಾಲು ಪಾತ್ರೆಯ ತುಟಿಯವರೆಗೆ ಬಂದು ಮೆಲ್ಲಗೆ ಕೆಳಗಿಳಿಯಿತು. ಪರದೆಯ ಮೇಲೆ ಆ ಹೆಂಗಸು ತನ್ನ ಕೈಯನ್ನು ತಾನೇ ನೋಡುತ್ತ ನಿಂತಳು. ಥಿಯೇಟರಿನಲ್ಲಿ ಯಾರೋ ನಗಲು ಶುರುಮಾಡಿದವರು ನಿಲ್ಲಿಸಿದರು. ಆಮೇಲೆ ನಮ್ಮ ಸಾಲಿನಲ್ಲಿ ಒಂದೊಂದೇ ಸೆರಗು ಕಣ್ಣಿಗೆ ಹೋದದ್ದು ಕತ್ತಲಲ್ಲೂ ಗೊತ್ತಾಯಿತು.

ಹೊರಗೆ ಬಂದ ಮೇಲೆ ಗಿರಿಜಮ್ಮ, "ದೆವ್ವ ಬರಲೇ ಇಲ್ವಲ್ಲಮ್ಮ," ಎಂದರು. ದೂರಿನ ದನಿಯಲ್ಲಿ ಅಲ್ಲ, ಬರುತ್ತೇನೆಂದ ನೆಂಟರು ಬಾರದಿದ್ದರೂ ಮಾಡಿದ ಅಡುಗೆ ಚೆನ್ನಾಗಿತ್ತು ಎನ್ನುವ ದನಿಯಲ್ಲಿ. ಮೆಟ್ರೋ ಸ್ಟೇಷನ್ನಿನವರೆಗೆ ಆಟೋದಲ್ಲಿ ಹೋಗುವಾಗ ನಾನೇ ತಡೆಯಲಾರದೆ ವಿಮಲಳನ್ನು ಕೇಳಿದೆ.

"ಹೇಗಿತ್ತೇ?"

"ನಮ್ಮ ಗೃಹಪ್ರವೇಶದಲ್ಲಿ ನಾನೂ ಆಫ್ ಮಾಡ್ಬಿಟ್ಟಿದ್ದೆ ಕಣೇ," ಎಂದಳು. "ಯಾರೂ ನೋಡ್ಲಿಲ್ಲ ಅಂದ್ಕೊಂಡು ಸುಮ್ನೆ ಮತ್ತೆ ಹಚ್ಚಿದ್ದೆ. ಯಾರೋ ನೋಡಿ ಸಿನಿಮಾನೇ ತೆಗೆದುಬಿಟ್ಟಿದಾರೆ."

ಇಳಿಯುವಾಗ ಮಾತ್ರ ತನ್ನ ಪಟ್ಟು ಬಿಡಲಿಲ್ಲ. "ಒಂದ್ಸಲ ನೋಡ್ಬಹುದು," ಎಂದು ಹೇಳಿಯೇ ಹೋದಳು.

ಕೆಲವು ತಿಂಗಳಾದ ಮೇಲೆ ಆ ಸಿನಿಮಾ ಫೋನಿಗೂ ಟೀವಿಗೂ ಬಂತು. ಒಂದು ಭಾನುವಾರ ವಿಮಲ ನಮ್ಮ ಪಾರ್ಕಿಗೆ ಬಂದಿದ್ದಳು. ಹೊಸದಾಗಿ ಗುಂಪಿಗೆ ಸೇರಿದವರೊಬ್ಬರಿಗೆ ಅವಳು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ಭಾರಿ ದೆವ್ವದ ಪಿಕ್ಚರ್ ಕಣ್ರೀ. ಮೂರನೇ ಸಲ ನೋಡ್ತಾ ಇದೀನಿ. ಕಣ್ಣು ಆಚೆ ಈಚೆ ಮಾಡ್ಬೇಡಿ, ಯಾವಾಗ ಬರುತ್ತೋ ಹೇಳಕ್ಕಾಗಲ್ಲ."

ಅವರು ಮುಂದೆ ಹೋದ ಮೇಲೆ, "ಯಾಕೇ ಸುಳ್ಳು ಹೇಳ್ತೀಯ?" ಎಂದೆ.

"ಸುಳ್ಳೇನು ಬಂತು? ನಿನ್ನ ಥರ ಒಳ್ಳೇ ಸಿನಿಮಾ ಅಂದ್ರೆ ಯಾರೂ ನೋಡಲ್ಲ. ಅಲ್ದೆ ಆ ಕೈ ಅವಳ ಮಾತು ಕೇಳ್ತಾ? ತಾನೇ ಬಂತು, ತಾನೇ ಆಫ್ ಮಾಡ್ತು. ಅಷ್ಟು ವರ್ಷದಿಂದ ಮೆಟ್ಕೊಂಡಿರೋದು ದೆವ್ವ ಅಲ್ದೆ ಇನ್ನೇನೇ?"

ಮಂಡಿನೋವಿನ ವಿಚಾರಕ್ಕೆ ಹೊರಳಬೇಕಾದ ಸರದಿ ಈಗ ನನ್ನದಾಯಿತು. ಮನೆಗೆ ಬಂದು ಹಾಲು ಕಾಯಲಿಟ್ಟು, ಇವತ್ತು ನೋಡೇಬಿಡೋಣ ಎಂದು ಪಕ್ಕದಲ್ಲಿ ನಿಂತು ನನ್ನ ಬಲಗೈಯನ್ನೇ ನೋಡುತ್ತಿದ್ದೆ. ಕೈ ಅಲ್ಲಾಡಲಿಲ್ಲ, ಹಾಲು ಉಕ್ಕಿ ಒಲೆಯೆಲ್ಲ ಆಯಿತು. ವಾಸನೆಗೆ ಎದ್ದು ಬಂದ ನಮ್ಮನೆಯವರು, "ಎದುರಿಗೇ ನಿಂತಿದೀಯ, ಏನು ನೋಡ್ತಾ ಇದ್ದೆ?" ಎಂದು ಕೇಳಿದರು.

"ದೆವ್ವ ಬರುತ್ತೇನೋ ಅಂತ ಕಾಯ್ತಾ ಇದ್ದೆ," ಎಂದೆ. ಅವರು ಮೂಲೆಯಲ್ಲಿದ್ದ ಬಟ್ಟೆ ತಂದು ಒಲೆ ಒರೆಸತೊಡಗಿದರು. ಅದು ಅವರ ಅಂಗಿ, ಮಡಿಸದೆ ಬಿಟ್ಟದ್ದು.