ಪೊರ್ಬುಗಳ ಹಡಗು

ಹೋದ ವಾರ ನಮ್ಮ ಗೇಟಿಗೆ ಬಣ್ಣ ಹೊಡೆಯಲು ಬಂದ ಪೈಂಟರ್, ಬೂದು ಬಣ್ಣದ ಡಬ್ಬದ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದ. ಟರ್ಪೆಂಟೈನ್ ಬೆರೆತ ಆ ವಾಸನೆ ಅಡುಗೆಮನೆಯವರೆಗೆ ಬಂತು. ಸೌತೆಕಾಯಿ ಹೆಚ್ಚುತ್ತಿದ್ದವಳು ಚೂರಿಯನ್ನು ಅಲ್ಲೇ ಇಟ್ಟು ಹೊರಗೆ ಬಂದು ನಿಂತೆ. ಪಕ್ಕದ ಮನೆಯ ಕಡೆ ನೋಡಿದೆ... ಅಲ್ಲೀಗ ಬೇರೆಯವರಿದ್ದಾರೆ.

ಆ ಮನೆಯಲ್ಲಿದ್ದ ಪೊರ್ಬುಗಳು ಪ್ರತಿ ವರ್ಷ ಮಳೆ ನಿಂತ ಕೂಡಲೇ ಗೇಟು, ಕಿಟಕಿಯ ಸರಳು, ಬಾವಿಯ ರಾಟೆ ಎಲ್ಲದಕ್ಕೂ ಇದೇ ಬಣ್ಣ ಹೊಡೆಯುತ್ತಿದ್ದರು. ಕ್ರೈಸ್ತ ಹಿರಿಯರನ್ನು ನಮ್ಮ ತುಳು ಮನೆಗಳಲ್ಲಿ ಪೊರ್ಬುಗಳು ಎಂದು ಕರೆಯುವುದು ವಾಡಿಕೆ. ನನ್ನ ಮಟ್ಟಿಗೆ ಅವರಿಗೆ ಬೇರೆ ಹೆಸರೇ ಇರಲಿಲ್ಲ. ನೌಕಾಪಡೆಯಲ್ಲಿ ನಾವಿಕರಾಗಿದ್ದು ನಿವೃತ್ತರಾದ ಮೇಲೆ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ವಿಭಾಗ ನೋಡಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ.

"ನಮ್ಮ ಮುಖ್ಯ ಕೆಲಸವೇ ಇದು ಟೀಚರ್," ಎನ್ನುತ್ತಿದ್ದರು, ಗೇಟಿನ ತುಕ್ಕು ಕೆರೆಯುತ್ತ. "ಯುದ್ಧ ಮಾಡುವುದು ಕಡಿಮೆ. ತುಕ್ಕು ತೆಗೆಯುವುದು, ಪೈಂಟ್ ಹೊಡೆಯುವುದು, ಅದೇ ಜಾಸ್ತಿ."

ಅವರ ಸ್ವಂತ ಊರು ವಾಮಂಜೂರಿನ ಕಡೆ. ಅಲ್ಲಿ ಅಣ್ಣತಮ್ಮಂದಿರು, ಗದ್ದೆ, ಮನೆ ಎಲ್ಲ ಇತ್ತು. ಹಾಗಿದ್ದೂ ಸುರತ್ಕಲ್ಲಿಗೆ ಬಂದು ಯಾಕೆ ಒಬ್ಬರೇ ಮನೆ ಮಾಡಿದರೆಂದು ನನಗೆ ಬಹಳ ಕಾಲ ತಿಳಿದಿರಲಿಲ್ಲ. ಭಾನುವಾರ ಇಗರ್ಜಿಯಿಂದ ಬಂದವರು ಒಂದು ಚೀಲದಲ್ಲಿ ವೀಳ್ಯದೆಲೆ, ಬನ್ಸ್ ಹಾಕಿಕೊಂಡು ಕಡಲಬದಿಗೆ ಸೈಕಲ್ ತುಳಿಯುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ.

"ಅಪ್ಪೆಯನ್ನು ನೋಡ್ಲಿಕ್ಕೆ," ಎಂದರು. ಅಪ್ಪೆ ಎಂದರೆ ತುಳುವಿನಲ್ಲಿ ತಾಯಿ. ಕೊಂಕಣಿ ಮಾತನಾಡುವ ಇವರಿಗೆ ತುಳುವಿನ ಅಪ್ಪೆ ಎಲ್ಲಿಂದ ಬಂದಳು ಎಂದು ನಾನು ಮುಖ ನೋಡಿದೆ. ಆಗ ಹೇಳಿದರು.

ಹಡಗಿನಲ್ಲಿ ಅವರ ಮೇಲಿನ ಮಂಚದಲ್ಲಿ ಮಲಗುತ್ತಿದ್ದವನು ಇದೇ ಸುರತ್ಕಲ್ ಕಡಲಬದಿಯ ಮೊಗವೀರರ ಹುಡುಗ. ಒಂದೇ ವಯಸ್ಸು. ಇಡೀ ಹಡಗಿನಲ್ಲಿ ತುಳು ಬರುತ್ತಿದ್ದದ್ದು ಇವರಿಬ್ಬರಿಗೇ. ಒಂದು ಚಂಡಮಾರುತದಲ್ಲಿ ಡೆಕ್ಕಿನ ಮೇಲಿದ್ದ ದೋಣಿಯ ಕಟ್ಟು ಸಡಿಲವಾಯಿತು. ಬಿಗಿಯಲು ಇಬ್ಬರೂ ಹೋದರು. ಅವನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಇವರ ಕೈಯಲ್ಲಿ. ಒಂದು ತೆರೆ ಬಂತು...

"ತೆರೆ ಇಳಿಯುವಾಗ ನನ್ನ ಕೈಯಲ್ಲಿ ಹಗ್ಗ ಉಂಟು ಟೀಚರ್. ಹಗ್ಗದಲ್ಲಿ ಅವ ಇಲ್ಲ."

ಹಡಗು ಎರಡು ದಿನ ಅಲ್ಲೇ ಸುತ್ತಿ ಹುಡುಕಿತು. ಸಿಗಲಿಲ್ಲ. ಮೂರನೆಯ ದಿನ ಎಲ್ಲರೂ ಡೆಕ್ಕಿನಲ್ಲಿ ಸಾಲಾಗಿ ನಿಂತು, ಪ್ರಾರ್ಥನೆ ಮಾಡಿ, ಅವನ ಟೊಪ್ಪಿಯನ್ನು ನೀರಿಗೆ ಬಿಟ್ಟರು. ಅವನ ಟ್ರಂಕನ್ನು ಮನೆಗೆ ಮುಟ್ಟಿಸಲು ಬಂದವರು ಇವರೇ. ತಾಯಿ ಟ್ರಂಕನ್ನು ತೆರೆಯಲೇ ಇಲ್ಲವಂತೆ. "ಮೀನು ಹಿಡಿಯುವವರ ಮಗ ನೀರಲ್ಲಿ ಹೋಗ್ತಾನಾ? ಹಡಗು ಬರ್ಲಿ, ನಾನು ನೋಡ್ತೇನೆ," ಎಂದು ಕೂತುಬಿಟ್ಟಳಂತೆ.

ಹಡಗು ಬರಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಪೊರ್ಬುಗಳು ನಿವೃತ್ತರಾಗಿ ಆ ತಾಯಿಗಾಗಿಯೇ ಇಲ್ಲಿ ಬಂದು ನೆಲೆಸಿದ್ದರು. ಒಂದು ವರ್ಷ ಪಣಂಬೂರಿನ ಬಂದರಿಗೆ ಬಂದ ಯುದ್ಧನೌಕೆ ಅದೇ ಆಗಿತ್ತು. ಸಾರ್ವಜನಿಕರಿಗೂ ಶಾಲಾ ಮಕ್ಕಳಿಗೂ ಒಳಗೆ ಬಿಡುತ್ತಾರೆಂದು ತಿಳಿದು ನಾನು ನನ್ನ ಒಂಬತ್ತನೆಯ ತರಗತಿಯನ್ನು ಕರೆದುಕೊಂಡು ಹೋದೆ. ಪೊರ್ಬುಗಳು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಆ ತಾಯಿಯ ಕೈ ಹಿಡಿದು ಸಾಲಿನಲ್ಲಿ ನಿಂತಿದ್ದರು. ಎಪ್ಪತ್ತೈದು ದಾಟಿದ, ಸಣ್ಣ ಶರೀರದ ಹೆಂಗಸು. ಬರಿಗಾಲು.

ಹಡಗಿಗೆ ಹತ್ತುವ ಏಣಿಯ ತಲೆಯಲ್ಲಿ ಎಳೆಯ ನಾವಿಕನೊಬ್ಬ ಕಾವಲಿದ್ದ. ಅವನ ಕೊರಳಿನ ಸರಪಳಿಯಲ್ಲಿ ಒಂದು ಸಣ್ಣ ಪೀಪಿ. ಕ್ಯಾಪ್ಟನ್ ಹಡಗು ಹತ್ತುವಾಗ ಮರ್ಯಾದೆಗೆ ಅದನ್ನು ಊದುತ್ತಾರೆ, ಎಲ್ಲರಿಗೂ ಅಲ್ಲ ಎಂದು ಪೊರ್ಬುಗಳು ಮಕ್ಕಳಿಗೆ ಮೊದಲೇ ಹೇಳಿದ್ದರು. ಅವರು ಮೇಲೆ ಹೋಗಿ ಹಡಗಿನ ಹಿಂಭಾಗದ ಬಾವುಟಕ್ಕೆ ಸೆಲ್ಯೂಟ್ ಮಾಡಿ, ಆ ಹುಡುಗನ ಹತ್ತಿರ ಹಿಂದಿಯಲ್ಲಿ ಏನೋ ಮಾತನಾಡಿದರು. ಅವನು ಕೆಳಗೆ ನಿಂತಿದ್ದ ತಾಯಿಯನ್ನು ನೋಡಿದ. ಆಚೀಚೆ ನೋಡಿದ. ಆಮೇಲೆ ನೆಟ್ಟಗೆ ನಿಂತು ಪೀಪಿಯನ್ನು ತುಟಿಗಿಟ್ಟ.

ಆ ಉದ್ದನೆಯ ತೆಳು ಸ್ವರಕ್ಕೆ ನನ್ನ ಅರುವತ್ತು ಮಕ್ಕಳೂ ಸುಮ್ಮನಾದರು. ಅವಳು ಒಂದೊಂದೇ ಮೆಟ್ಟಿಲು ಹತ್ತಿ ಹೋಗುವವರೆಗೂ ಅವನು ನಿಲ್ಲಿಸಲಿಲ್ಲ. ಮೇಲೆ ಹೋದವಳು ಪೊರ್ಬುಗಳು ಸೆಲ್ಯೂಟ್ ಮಾಡಿದ ದಿಕ್ಕಿಗೆ ತಿರುಗಿ, "ಅಲ್ಲಿ ದೇವರು ಉಂಟಾ?" ಎಂದು ಕೇಳಿದಳು.

"ಉಂಟು ಅಪ್ಪೆ."

ಕೈಮುಗಿದಳು. ಮಕ್ಕಳೆಲ್ಲ ಕ್ಷಿಪಣಿಯ ಕೊಳವೆಗಳ ಸುತ್ತ ಗುಂಪಾಗಿದ್ದಾಗ ಪೊರ್ಬುಗಳು ಅವಳನ್ನು ದೋಣಿ ಕಟ್ಟುವ ಬದಿಗೆ ಕರೆದೊಯ್ದರು. ನಾನು ಸ್ವಲ್ಪ ದೂರದಲ್ಲಿದ್ದೆ. ಅವಳು ಅಲ್ಲಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕೆಳಗಿನ ನೀರನ್ನು ನೋಡಿದಳು. ಆಮೇಲೆ ಸೆರಗಿನಿಂದ ಆ ಕಂಬಿಯನ್ನು ಒರೆಸಿದಳು. ಮಗುವಿನ ಮೈ ಒರೆಸಿದ ಹಾಗೆ...

ಅವತ್ತು ಮನೆಗೆ ಹೋಗಿ ಅವಳು ಟ್ರಂಕನ್ನು ತೆರೆದಳು ಎಂದು ಪೊರ್ಬುಗಳು ಆಮೇಲೆ ಹೇಳಿದರು. ಎರಡು ವರ್ಷ ಕಳೆದು ತೀರಿಕೊಂಡಳು. ಇನ್ನೂ ಕೆಲವು ವರ್ಷಗಳಿಗೆ ಹಡಗೂ ಸೇವೆಯಿಂದ ನಿವೃತ್ತವಾಯಿತು. ಸೂರ್ಯಾಸ್ತಕ್ಕೆ ಕೊನೆಯ ಬಾರಿ ಬಾವುಟ ಇಳಿಸಿದ ಫೋಟೋವನ್ನು ಅವರೇ ಪತ್ರಿಕೆಯಿಂದ ಕತ್ತರಿಸಿ ತಂದು ನನಗೆ ತೋರಿಸಿದ್ದರು. ಆಮೇಲೆ ಅದು ಎಲ್ಲಿಗೆ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ. "ಎಲ್ಲಿಯೋ ಒಂದು ಬಂದರಿನಲ್ಲಿ ಕಟ್ಟಿ ಹಾಕಿರ್ತಾರೆ," ಎನ್ನುತ್ತಿದ್ದರು.

ಇನ್ನು ನನ್ನ ತಪ್ಪಿನ ವಿಷಯ.

ಒಂದು ಸಂಜೆ ಶಾಲೆಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ನಮ್ಮ ಹಡಗುನಾಶಕ ಕ್ಷಿಪಣಿಯೊಂದರ ಯಶಸ್ವಿ ಪರೀಕ್ಷೆ. ಪೊರ್ಬುಗಳಿಗೆ ಖುಷಿಯಾದೀತೆಂದು ಫೋನು ಹಿಡಿದುಕೊಂಡು ಓಡಿದೆ. ಅವರು ಜಗಲಿಯಲ್ಲಿ ಕೂತಿದ್ದರು.

"ನಿಮ್ಮ ನೇವಿಯ ವಿಡಿಯೋ ಬಂದದೆ, ನೋಡಿ ಪೊರ್ಬುಗಳೇ."

ನೀಲಿ ಕಡಲು. ನಡುವೆ ನಿಶ್ಚಲವಾಗಿ ನಿಂತ ಒಂದು ಖಾಲಿ ಹಡಗು. ಬದಿಯಲ್ಲಿದ್ದ ಸಂಖ್ಯೆಯನ್ನು ಅಳಿಸಿದ್ದರು, ಮೈಯೆಲ್ಲ ತುಕ್ಕು. ನೀರನ್ನು ಸವರಿಕೊಂಡು ಬಿಳಿಯ ಗೆರೆಯೊಂದು ಬಂತು. ಬೆಂಕಿ, ಹೊಗೆ. ಹಡಗು ನಡುವಿನಲ್ಲಿ ಮುರಿದು ಕುಸಿಯಿತು. ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ನಾನೂ, "ಎಂಥಾ ಗುರಿ ಅಲ್ವಾ!" ಎಂದೆ.

ಅವರು, "ಇನ್ನೊಮ್ಮೆ ಹಾಕಿ," ಎಂದರು. ಹಾಕಿದೆ. ಬಿಳಿಯ ಗೆರೆ ಕಾಣಿಸುವ ಮೊದಲೇ, "ನಿಲ್ಲಿಸಿ" ಎಂದರು. ನಿಂತ ಚಿತ್ರದ ಮೇಲೆ, ಫೋನಿನ ಪರದೆಯನ್ನು ಮುಟ್ಟದೆ, ಬೆರಳಿನಿಂದ ತೋರಿಸಿದರು.

"ಅಪ್ಪೆ ಒರೆಸಿದ್ದು ಇಲ್ಲಿ."

ಏನಾದರೂ ಹೇಳಬೇಕಲ್ಲ ಎಂದು, "ಗುಜರಿಯವರ ಕೈಗೆ ಹೋಗುವುದಕ್ಕಿಂತ ಕಡಲಿಗೆ ಹೋದದ್ದು ಒಳ್ಳೆಯದಾಯ್ತಲ್ಲ" ಎಂದೆ.

"ಹಾಗೆ ಹೇಳ್ತಾರೆ," ಎಂದರು. "ನಾವೂ ಒಂದು ಹಳೇ ಹಡಗಿಗೆ ಹೊಡೆದದ್ದು ಉಂಟು ಟೀಚರ್. ಅಭ್ಯಾಸಕ್ಕೆ. ಅಪ್ಪೆಯ ಮಗನೂ ನಾನೂ ಒಟ್ಟಿಗೆ ನಿಂತು ಚಪ್ಪಾಳೆ ಹೊಡೆದಿದ್ದೆವು. ಅದರಲ್ಲಿ ಯಾರು ಇದ್ರು, ಯಾರು ಹೋದ್ರು, ನಾವು ಕೇಳ್ಲೇ ಇಲ್ಲ ಮಾರಾಯ್ರೆ..."

ಮೂರನೆಯ ಸಲ ಹಾಕಲು ಹೇಳಿ, ಫೋನನ್ನು ಕೈಗೆ ತೆಗೆದುಕೊಂಡು ಎದ್ದು ನಿಂತರು. ಆಗಲೇ ಅವರಿಗೆ ಮೊಣಕಾಲು ನೋವು, ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಅವತ್ತು ಗೋಡೆ ಹಿಡಿಯಲಿಲ್ಲ. ಹಡಗು ಪೂರ್ತಿ ಮುಳುಗಿ ನೀರು ಸಮವಾಗುವವರೆಗೆ ನೆಟ್ಟಗೆ ನಿಂತಿದ್ದರು. ಆಮೇಲೆ ಫೋನನ್ನು ನನ್ನ ಕೈಯಲ್ಲಿಟ್ಟು, ಚಪ್ಪಲಿ ಕಳಚಿ ಒಳಗೆ ಹೋದರು.

ಮುಂದಿನ ಭಾನುವಾರದಿಂದ ಅವರು ಕಡಲಬದಿಗೆ ಹೋಗಲಿಲ್ಲ. ತಾಯಿ ತೀರಿಕೊಂಡ ಮೇಲೂ ಬಿಡದೆ ಹೋಗುತ್ತಿದ್ದವರು. ಮಾತು ಕಡಿಮೆಯಾಯಿತು, ಆದರೂ ನನ್ನನ್ನು ಕಂಡರೆ ಮೊದಲಿನಂತೆಯೇ ನಗುತ್ತಿದ್ದರು. ಆ ನಗುವಿಗೆ ನಾನು ಇನ್ನಷ್ಟು ಕುಗ್ಗುತ್ತಿದ್ದೆ. ಕ್ಷಮೆ ಕೇಳಬೇಕು ಎಂದುಕೊಂಡೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಮುಗಿಯಲಿ ಎಂದುಕೊಂಡೆ. ಉತ್ತರಪತ್ರಿಕೆಗಳ ಕಟ್ಟು ಇನ್ನೂ ಮೇಜಿನ ಮೇಲಿರುವಾಗಲೇ ಅವರು ಹೋದರು. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು, ಯಾರೂ ತೆರೆಯದಿದ್ದಾಗ ನಮ್ಮನ್ನು ಕರೆದ...

ವಾಮಂಜೂರಿನವರು ಬಂದು ತಮ್ಮ ಕಡೆಯ ಇಗರ್ಜಿಯಲ್ಲಿ ಮಣ್ಣು ಮಾಡಿದರು. ನಾನು ಹೋಗಿದ್ದೆ. ಅವರ ತಮ್ಮನ ಹತ್ತಿರ ಹಡಗಿನ ವಿಷಯ ಎತ್ತಿದೆ. ಅಣ್ಣ ಮನೆಯಲ್ಲಿ ಅದನ್ನೆಲ್ಲ ಮಾತನಾಡುತ್ತಿರಲಿಲ್ಲ ಎಂದರು. ಆ ಮೊಗವೀರರ ಹುಡುಗನ ಬಗ್ಗೆ, ಬರಿಗಾಲಿನಲ್ಲಿ ಏಣಿ ಹತ್ತಿದ ಆ ತಾಯಿಯ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಆಗ ಒಂಬತ್ತನೆಯಲ್ಲಿದ್ದ ಮಕ್ಕಳು ಎಲ್ಲೆಲ್ಲಿದ್ದಾರೋ. ಒಬ್ಬ ರಿಫೈನರಿಯಲ್ಲಿದ್ದಾನೆ. ಸಿಕ್ಕಾಗ ಕೇಳಿದೆ. ಅವನಿಗೆ ಕ್ಷಿಪಣಿಯ ಕೊಳವೆಗಳಷ್ಟೇ ನೆನಪಿದ್ದವು.

ನಾನು ಫೋನು ಹಿಡಿದುಕೊಂಡು ಓಡದೆ ಇದ್ದಿದ್ದರೆ ಅವರ ಮಟ್ಟಿಗೆ ಆ ಹಡಗು ಎಲ್ಲಿಯೋ ಒಂದು ಬಂದರಿನಲ್ಲಿ ಕಟ್ಟಿಕೊಂಡೇ ಇರುತ್ತಿತ್ತು. ಇದನ್ನು ಅವರ ಮುಂದೆ ಹೇಳಬೇಕಿತ್ತು.