ಪುಟಾಣಿ ಒಲ್ಲದ ಕಡಲಹಕ್ಕಿ

ಶನಿವಾರ ಬೆಳಿಗ್ಗೆ ಪುಣೆಯ ಸ್ವಾರಗೇಟಿನಲ್ಲಿ ಸೊಲ್ಲಾಪುರದ ಬಸ್ಸು ಹತ್ತಿದಾಗ ಅಕ್ಕನ ಮಡಿಲಲ್ಲಿ ಪುಟಾಣಿಕಡಲೆ, ಬೆಲ್ಲ ತುಂಬಿದ ಚೀಲವಿತ್ತು. ಸೋಮವಾರ ಭಾವನ ಹೃದಯದ ಶಸ್ತ್ರಚಿಕಿತ್ಸೆ. ಐದು ಶನಿವಾರ, ಆಯಾ ದಿನ ಮಂಗಗಳಿಗೆ ಉಣಿಸಿದ ಮೇಲೆಯೇ ತಾನು ಬಾಯಿಗೆ ಏನಾದರೂ ಹಾಕುವೆನೆಂದು ಅಕ್ಕ ಮಾರುತಿಗೆ ಹರಕೆ ಹೊತ್ತಿದ್ದಳು. ನಾಲ್ಕು ಕಾತ್ರಜ ಘಾಟಿನಲ್ಲಿ ಮುಗಿದಿದ್ದವು. ಈಗ ಅಲ್ಲಿ ಮಂಗಗಳಿಗೆ ಏನೂ ಕೊಡಬಾರದೆಂದು ಕಾವಲಿನವರು ತಡೆಯುತ್ತಾರೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕೂತು ತಲೆ ಕೆಟ್ಟಿದ್ದ ನಾನು, "ಭಿಗವಣದಾಗ ಪಕ್ಷಿಗೋಳಿಗೆ ಹಾಕ್ತಾರ, ನಡಿ" ಎಂದು ಅಕ್ಕನನ್ನು ಎಬ್ಬಿಸಿಕೊಂಡು ಹೊರಟೆ. ಭಾವನ ಬಳಿ ಅಕ್ಕನ ಮಗಳಿದ್ದಳು.

"ಮಾರುತಿಗೂ ಪಕ್ಷಿಗೂ ಏನ್ ಸಂಬಂಧಪಾ?" ಎಂದಳು ಅಕ್ಕ.

"ಅಂವಾ ಸಮುದ್ರ ಹಾರಿದಾಂವ, ಇವೂ ಸಮುದ್ರದ ಹಕ್ಕಿ" ಎಂದೆ. ಅಕ್ಕ ನಗಲಿಲ್ಲ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಮೂರು ತಾಸಿನ ದಾರಿಯುದ್ದಕ್ಕೂ ನಾನು ಫೋನು ನೋಡಿದ್ದೇ ನೋಡಿದ್ದು. ಕರೆ ಬಂದರೂ ಭಯ, ಬಾರದಿದ್ದರೂ ಭಯ. ಭಿಗವಣದಲ್ಲಿ ರಿಕ್ಷಾ ಹಿಡಿದು, ಉಜನಿ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಹೋಗಿ ದೋಣಿ ಹತ್ತಿದೆವು. ಚಳಿಗಾಳಿ ಬೀಸುತ್ತಿತ್ತು.

ದೋಣಿ ಹೊರಟಿದ್ದೇ ತಡ, ಹಕ್ಕಿಗಳು ಮುತ್ತಿದವು. ಹೆಸರಿಗೆ ಕಂದುತಲೆಯ ಕಡಲಹಕ್ಕಿ; ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣ ಹಿಂದೆ ಒಂದು ಕಪ್ಪು ಬೊಟ್ಟು ಮಾತ್ರ. ಅಕ್ಕ ಪುಟಾಣಿ ಎರಚಿದಳು. ಅವು ಕೊಕ್ಕು ತಾಗಿಸಿ ಬಿಟ್ಟವು, ಕಾಳೆಲ್ಲ ನೀರುಪಾಲು. "ಕಾಕೂ, ಫುಟಾಣೆ ನಕೋ, ಶೇವ ಟಾಕಾ!" ಎಂದು ಮರಾಠಿಯಲ್ಲಿ ಕೂಗಿ, ಪುಟಾಣಿ ಬೇಡವೆಂದು ಕೈಯಾಡಿಸಿ, ಅಂಬಿಗ ತನ್ನ ಪೊಟ್ಟಣದಿಂದ ಕರಿದ ಶೇವು ಎರಚಿದ. ಹಕ್ಕಿಗಳು ಅದನ್ನು ಗಾಳಿಯಲ್ಲೇ ಕಸಿದುಕೊಂಡು ಹೋದವು.

ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ. ಕಾತ್ರಜದ ಮಂಗ ನಡುಬೈತಲೆ ತೆಗೆದ ಮುದುಕನ ಹಾಗೆ ಎದುರು ಕೂತು, ಅಂಗೈಯಿಂದ ಕಾಳು ಆರಿಸಿ, ಗಲ್ಲದಲ್ಲಿ ತುಂಬಿಕೊಂಡು, ಕೊಟ್ಟವರ ಮುಖ ನೋಡುತ್ತದೆ. ಆ ನೋಟವೇ ಅಕ್ಕನಿಗೆ ಮಾರುತಿಯ ಒಪ್ಪಿಗೆ. ಈ ಹಕ್ಕಿಗಳಿಗೆ ಒಂದು ಕಡೆ ಕೂರುವ ಪುರುಸೊತ್ತೇ ಇಲ್ಲ. ನನ್ನ ಜಾತಿಯವೇ.

"ಇವು ನನ್ನ ಮಾರಿ ಸುದ್ದಾ ನೋಡವಲ್ಲವು" ಎಂದು ಅಕ್ಕ ಅತ್ತುಬಿಟ್ಟಳು. "ಅವ್ರಿಗೇನರ ಆದ್ರ?"

ಏನೂ ತೋಚದೆ ಹಲಗೆಯಿಂದ ಇಳಿದು, ಅವಳೆದುರು ಕುಕ್ಕರಗಾಲಲ್ಲಿ ಕೂತು ಅಂಗೈ ಒಡ್ಡಿದೆ. ಅಕ್ಕ ಚೀಲಕ್ಕೆ ಕೈ ಹಾಕಿದಳು. ನನ್ನ ಅಂಗೈಗೆ ಒಂದು ಮುಷ್ಟಿ ಪುಟಾಣಿ, ಒಂದು ಚೂರು ಬೆಲ್ಲ ಹಾಕಿದಳು. ಗಲ್ಲದ ತುಂಬ ತುಂಬಿಕೊಂಡು, ಅವಳ ಮುಖ ನೋಡುತ್ತಲೇ ಅಗಿದೆ.

"ಮಾರುತಿಗೆ ಮುಟ್ಟಿತು ಬಿಡೋ, ಮಂಗ್ಯಾ" ಎಂದು ಕಣ್ಣೊರೆಸಿಕೊಂಡು ಅಕ್ಕ ತನ್ನ ಬಾಯಿಗೂ ನಾಲ್ಕು ಕಾಳು ಹಾಕಿಕೊಂಡಳು.

ಸಂಜೆಯ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಸೋಮವಾರದ ಭಯ ನನಗಿನ್ನೂ ಹೋಗಿರಲಿಲ್ಲ. ಆದರೂ ಪುಣೆ ಬರುವವರೆಗೆ ನಾನು ಅಲ್ಲಾಡದೆ ಕೂತಿದ್ದೆ.